ಓದುಗರ ಪ್ರಶ್ನೆ: ‘ಮೈ ವೇ’ ಹಾಡಿನ ತವರುಮನೆ

ಪ್ರಶ್ನೆ: ಫ್ರಾಂಕ್ ಸಿನಾತ್ರಾ ಹಾಡಿದ ‘ಮೈ ವೇ’ ಫ್ರೆಂಚ್ ಹಾಡೊಂದರ ಅನುವಾದವಂತೆ. ಹೌದೇ?

ಉತ್ತರ: ಮಟ್ಟು ಫ್ರೆಂಚಿನದು, ಮಾತು ಅಲ್ಲ. ಮೂಲ, ಕ್ಲೋದ್ ಫ್ರಾಂಸ್ವಾ 1967ರಲ್ಲಿ ಹಾಡಿದ ‘ಕೊಮ್ ದಬಿತ್ಯೂದ್’. ‘ಎಂದಿನಂತೆ’ ಎಂದರ್ಥ. ಸಂಗೀತ ಜಾಕ್ ರೆವೋ ಮತ್ತು ಕ್ಲೋದ್ ಅವರದು. ಸಾಹಿತ್ಯದಲ್ಲಿ ಕ್ಲೋದ್ ಜೊತೆಗಿದ್ದವರು ಜಿಲ್ ತಿಬೋ. ಈ ಹಾಡಿನಲ್ಲಿ ಬೆಳಿಗ್ಗೆ ಎದ್ದವನು ಮಲಗಿದ್ದವಳಿಗೆ ಚಳಿಯಾದೀತೆಂದು ಹೊದಿಕೆ ಎಳೆದು ಹೊದಿಸುತ್ತಾನೆ, ಒಬ್ಬನೇ ಕಾಫಿ ಕುಡಿದು, ಕಾಲರ್ ಮೇಲೆತ್ತಿಕೊಂಡು ಹೊರಡುತ್ತಾನೆ. ಪ್ರೀತಿ ಆರಿದೆ, ದಿನಚರಿ ಉಳಿದಿದೆ. ಗಾಯಕ, ಗೀತರಚನೆಕಾರ ಪಾಲ್ ಆಂಕಾ ಹಕ್ಕು ಪಡೆದು ಇದೇ ಮಟ್ಟಿಗೆ ಬೇರೆಯೇ ಕತೆ ಕೂರಿಸಿದರು: ಬಾಳಿನ ಕೊನೆಯಲ್ಲಿ ಎದೆಯುಬ್ಬಿಸಿ ಲೆಕ್ಕ ಒಪ್ಪಿಸುವವನದು. ಸಿನಾತ್ರಾ ಧ್ವನಿಮುದ್ರಿಸಿದ್ದು 1968ರ ಡಿಸೆಂಬರ್ 30ರಂದು. ಎರಡನ್ನೂ ಒಂದರ ಹಿಂದೊಂದು ಕೇಳಿ. ನಮಗಂತೂ ಆ ಕಾಫಿಯೇ ಹೆಚ್ಚು ತಟ್ಟುತ್ತದೆ.

ಪ್ರಶ್ನೆ: ಕ್ಲೋದ್ ಇಂಗ್ಲಿಷ್ ಹಾಡುಗಳನ್ನು ಕದ್ದೇ ಮೇಲೆ ಬಂದವರಲ್ಲವೇ?

ಉತ್ತರ: ಕದ್ದದ್ದಲ್ಲ. ಅಮೆರಿಕದ ಹಾಡಿಗೆ ಫ್ರೆಂಚ್ ಮಾತು ಹಾಕಿ ಹಾಡುವುದು ಅಂದಿನ ‘ಯೇಯೇ’ (ಅರವತ್ತರ ದಶಕದ ಫ್ರೆಂಚ್ ಪಾಪ್) ಗಾಯಕರ ವಾಡಿಕೆ. ಕ್ಲೋದ್ ಅವರಿಗೆ ಹೆಸರು ತಂದ 1962ರ ‘ಬೆಲ್, ಬೆಲ್, ಬೆಲ್’ ಎವರ್ಲಿ ಬ್ರದರ್ಸ್ ಹಾಡಿನ ರೂಪಾಂತರ. ಅವರು ಹುಟ್ಟಿದ್ದು 1939ರಲ್ಲಿ, ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ. ತಂದೆಗೆ ಸೂಯೆಜ್ ಕಾಲುವೆಯಲ್ಲಿ ಕೆಲಸ. 1956ರಲ್ಲಿ ಕಾಲುವೆ ರಾಷ್ಟ್ರೀಕರಣವಾದ ಮೇಲೆ ಸಂಸಾರ ಮೊನಾಕೊ ಸೇರಿತು. ಅಲ್ಲಿ ಕ್ಲೋದ್ ಅವರಿಗೆ ಬ್ಯಾಂಕ್ ಗುಮಾಸ್ತಿಕೆ, ಆಮೇಲೆ ಡ್ರಮ್ ನುಡಿಸುವ ಕೆಲಸ.

ಪ್ರಶ್ನೆ: ಕ್ಲೋದ್ ಸ್ನಾನದ ಮನೆಯಲ್ಲಿ ಶಾಕ್ ಹೊಡೆದು ಸತ್ತರೆಂಬುದು ನಿಜವೇ? ಫ್ಯೂಸ್ ಇರಲಿಲ್ಲವೇ?

ಉತ್ತರ: ನಿಜ. 1978ರ ಮಾರ್ಚ್ 11, ಪ್ಯಾರಿಸ್ ಮನೆ. ತೊಟ್ಟಿಯಲ್ಲಿದ್ದುಕೊಂಡೇ ಗೋಡೆಯ ದೀಪವನ್ನು ಸರಿಪಡಿಸಲು ಕೈಹಾಕಿದರು. ವಯಸ್ಸು 39. ಫ್ಯೂಸಾಗಲಿ ಎಂಸಿಬಿಯಾಗಲಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಂಥಲ್ಲಿ ನೆರವಿಗೆ ಬಾರದು. ನೆಂದ ಮೈಯ ತಡೆ ಸುಮಾರು ಸಾವಿರ ಓಮ್‌ಗೆ ಇಳಿದರೆ 220 ವೋಲ್ಟ್‌ನಲ್ಲಿ ಹರಿಯುವುದು 0.22 ಆಂಪಿಯರ್. ಜೀವ ತೆಗೆಯಲು ಅಷ್ಟು ಧಾರಾಳ ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಕಾಯುವುದು 30 ಮಿಲಿಆಂಪಿಯರ್ (0.03 ಆಂಪಿಯರ್) ಸೋರಿಕೆಗೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ. ನಿಮ್ಮ ಗೀಸರ್ ಲೈನಿಗೂ ಅದಿರಲಿ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಕರೆಂಟ್ ಇದ್ದೂ ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.