ಲಾಗ್‌ಬುಕ್ ತುಂಬಿದೆ, ಕೆಲಸ ಆಗಿಲ್ಲ

ದಾವಣಗೆರೆ ಕಡೆಯ ಹುಡುಗನೊಬ್ಬನ ಪತ್ರ ಬಂದಿದೆ. ವಯಸ್ಸು 22. ಪಿಯುಸಿ ಸೈನ್ಸ್ ಮುಗಿಸಿ ಬೆಂಗಳೂರಿನಲ್ಲಿ ವಿಮಾನ ನಿರ್ವಹಣೆಯ ಎಂಜಿನಿಯರಿಂಗ್, ಅಂದರೆ ಎಎಂಇ, ಓದಿದ್ದಾರೆ. ಮುಕ್ಕಾಲು ಪಾಲು ಮಾಡ್ಯೂಲ್‌ಗಳು, ಅಂದರೆ ಲೈಸೆನ್ಸ್ ಪರೀಕ್ಷೆಯ ಪೇಪರ್‌ಗಳು, ಪಾಸಾಗಿವೆ. ಮಾಡ್ಯೂಲ್ 9 ಮಾತ್ರ ಪದೇ ಪದೇ ಕೈಕೊಡುತ್ತಿದೆ. ಫೀಸಿಗಾಗಿ ಅಮ್ಮ ಬಳೆ ಅಡವಿಟ್ಟಿದ್ದಾರೆ. ಅದರ ಬಡ್ಡಿ ಕಟ್ಟುತ್ತಿರುವ ಭಾವ, "ಇಷ್ಟು ಓದಿ ಒಂದು ಡಿಗ್ರಿನೂ ಇಲ್ವಲ್ಲೋ, ನನ್ನ ಹಾರ್ಡ್‌ವೇರ್ ಅಂಗಡಿಗೆ ಬಾ" ಅಂತ ದಿನಾ ಚುಚ್ಚುತ್ತಾರೆ. ಮುಂದುವರಿಸಲೋ, ಬಿಡಲೋ ಅಂತ ಕೇಳಿದ್ದಾರೆ.

ಪತ್ರದ ತುಂಬ ಭಾವನ ಮೇಲಿನ ದೂರೇ. ಅದರ ನಡುವೆ ಲಾಗ್‌ಬುಕ್ ಬಗ್ಗೆ, ಅಂದರೆ ಲೈಸೆನ್ಸಿಗಾಗಿ ತಾನು ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಪುಸ್ತಕದ ಬಗ್ಗೆ, ಒಂದು ಸಾಲು ಸುಮ್ನೆ ಬಂದು ಹೋಗುತ್ತದೆ: "ಲಾಗ್‌ಬುಕ್ ತೊಂದರೆ ಇಲ್ಲ ಮೇಡಂ. ಹ್ಯಾಂಗರ್‌ಗೆ (ವಿಮಾನ ರಿಪೇರಿಯ ಶೆಡ್) ಹೋಗಿದ್ದು ಸ್ವಲ್ಪ ದಿನ. ಉಳಿದದ್ದನ್ನ ಸೀನಿಯರ್ ಹೇಳಿದ ಹಾಗೆ ತುಂಬಿಸಿದೀವಿ, ಸಹಿನೂ ಆಗಿದೆ."

ತೊಂದರೆ ಇಲ್ಲವಾ?

ಓದದೆ ಸಹಿ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ ಅಂತ ಈ ಅಂಕಣ ಓದುವವರಿಗೆಲ್ಲ ಗೊತ್ತು. ಗೆಳೆಯನ ಸಾಲಕ್ಕೆ ಜಾಮೀನು, ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದ, ಎಲ್ಲಕ್ಕೂ ಬೈದಿದ್ದೇನೆ. ಆದರೆ ಅವರೆಲ್ಲ ಮುಳುಗಿಸಿದ್ದು ತಮ್ಮ ಮನೆಯನ್ನು. ನೀವು ಹೊರಟಿರುವ ಕೆಲಸವೇ ಸಹಿಯದು. ಸ್ಪ್ಯಾನರ್ ಹಿಡಿಯಲು ಟೆಕ್ನಿಷಿಯನ್‌ಗಳೂ ಇದ್ದಾರೆ. ರಿಪೇರಿ ಸರಿಯಾಗಿದೆ, ವಿಮಾನ ಹಾರಬಹುದು ಅಂತ ಸಹಿ ಹಾಕಲು ಡಿಜಿಸಿಎ, ಅಂದರೆ ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ, ಕೊಡುವ ಲೈಸೆನ್ಸ್ ಬೇಕು. ಎಂಜಿನ್ ಮತ್ತು ವಿಮಾನದ ಮೈಕಟ್ಟಿನ ಕೆಲಸಕ್ಕೆ ಬಿ1 ಲೈಸೆನ್ಸ್, ಏವಿಯಾನಿಕ್ಸ್‌ಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್‌ಗೆ, ಬಿ2. ಎ320, 737 ತರಹದ ವಿಮಾನಕ್ಕೆ ಅದರ ಮೇಲೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಗೆಂದೇ ಪಡೆಯುವ ಅರ್ಹತೆ, ಬೇರೆ. ಏರೋನಾಟಿಕಲ್ ಬಿಇ ಮಾಡಿದವರಿಗೂ ಬರೀ ಡಿಗ್ರಿಯಿಂದ ಆ ಹಕ್ಕು ಬರುವುದಿಲ್ಲ. ಇದನ್ನು ಭಾವನಿಗೆ ಕೂತು ವಿವರಿಸಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಡ್ಡಿ ಕಟ್ಟುವವರಿಗೆ ನಾಲ್ಕು ಮಾತು ಆಡುವ ಹಕ್ಕಿದೆ.

ಮಾಡ್ಯೂಲ್ 9 ಅಂದರೆ ಹ್ಯೂಮನ್ ಫ್ಯಾಕ್ಟರ್ಸ್, ಕೆಲಸದಲ್ಲಿ ಮನುಷ್ಯ ಯಾಕೆ, ಹೇಗೆ ತಪ್ಪು ಮಾಡುತ್ತಾನೆ ಅನ್ನುವ ವಿಷಯ. "ಬರೀ ಕಥೆ ಹೇಳೋ ಬೋರ್ ಸಬ್ಜೆಕ್ಟ್" ಅಂತ ಬರೆದಿದ್ದೀರಿ. ಹಾಗಾದರೆ ಒಂದು ಕಥೆ ಕೇಳಿ. 1990ರ ಜೂನ್ 10, ಬ್ರಿಟಿಷ್ ಏರ್‌ವೇಸ್‌ನ 5390ನೇ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಾಗಾಕ್ಕೆ ಹೊರಟಿತ್ತು. 17,300 ಅಡಿ ಎತ್ತರದಲ್ಲಿ ಕಾಕ್‌ಪಿಟ್‌ನ ಮುಂದಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ ಅರ್ಧ ಮೈ ಹೊರಗೆ. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ. ಹಾರಾಟಕ್ಕೆ ಮುಂಚೆ ಆ ಗಾಜನ್ನು ಬದಲಿಸಿದ್ದರು. ರಾತ್ರಿ ಪಾಳಿ, ಜನ ಕಡಿಮೆ, ಶಿಫ್ಟ್ ಮ್ಯಾನೇಜರ್ ತಾನೇ ಕೂತು ಮಾಡಿದ ಕೆಲಸ. ಹಳೇ ಬೋಲ್ಟ್ ಪಕ್ಕದಲ್ಲಿ ಹಿಡಿದು ಕಣ್ಣಳತೆಯಲ್ಲೇ ಹೊಸದನ್ನು ಆರಿಸಿದರು, ಪಾರ್ಟ್ಸ್ ಕ್ಯಾಟಲಾಗ್ ನೋಡಲಿಲ್ಲ. 90 ಬೋಲ್ಟ್‌ಗಳಲ್ಲಿ 84 ಸಣ್ಣವು. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಆತ ಅನುಭವಸ್ಥ, ಒಳ್ಳೆಯ ಹೆಸರಿದ್ದ ಕೆಲಸಗಾರ. ಕೆಲಸ ನಿಜವಾಗಿ ಮಾಡಿದವರ ಕೈಯಲ್ಲೇ ಹೀಗಾಯಿತು. ಮಾಡದೇ ಇರುವ ಕೆಲಸಕ್ಕೆ ಲೆಕ್ಕ ಬರೆದಿರುವ ನಿಮ್ಮ ಕೈಯಲ್ಲಿ? ಭಾವನ ಅಂಗಡಿಯಲ್ಲಿ ತಪ್ಪು ಅಳತೆಯ ಬೋಲ್ಟ್ ಕೊಟ್ಟರೆ ಗಿರಾಕಿ ಮಾರನೇ ದಿನ ವಾಪಸ್ ತರುತ್ತಾನೆ. ವಿಮಾನದಲ್ಲಿ ಆ ಅನುಕೂಲ ಇಲ್ಲ.

ಫೇಲಾದ ಬಗ್ಗೆ ನನಗೆ ಅಂಥಾ ಕನಿಕರವೇನೂ ಇಲ್ಲ. ಪ್ರತಿ ಮಾಡ್ಯೂಲ್‌ಗೂ ಶೇಕಡಾ 75 ಬೇಕು, ಬೋರ್ ಅಂದುಕೊಂಡೇ ಓದಿದರೆ ಬರುವುದಿಲ್ಲ. ಕನಿಕರ ಇರುವುದು ನಿಮ್ಮ ಅಮ್ಮನ ಮೇಲೆ. ಸಿಟ್ಟು ಇರುವುದು ಆ ಸೀನಿಯರ್ ಮೇಲೆ. "ಎಲ್ರೂ ಹೀಗೇ ಮಾಡೋದು" ಅಂದನಂತೆ. ಹೇಳಿದವನು ಅವನು, ಪುಟದ ಮೇಲಿರುವುದು ನಿಮ್ಮ ಹೆಸರು. ಕೆಲಸ ನೋಡದೇ ಸಹಿ ಹಾಕಿಕೊಟ್ಟವರು ಅವನಿಗಿಂತಲೂ ಕೆಟ್ಟವರು.

ಆ ಲಾಗ್‌ಬುಕ್ಕನ್ನು ಡಿಜಿಸಿಎಗೆ ಕಳಿಸಬೇಡಿ. ನಾನು ಹೇಳುವುದು ಇದೊಂದೇ. ಸುಳ್ಳು ದಾಖಲೆ ಕೊಟ್ಟು ಪಡೆದ ಲೈಸೆನ್ಸನ್ನು ರದ್ದು ಮಾಡುವ ಅಧಿಕಾರ ಅವರಿಗಿದೆ. ಎಷ್ಟೋ ವರ್ಷದ ನಂತರ ಗೊತ್ತಾದರೂ ಅಷ್ಟೇ. ನಿಜವಾಗಿ ಮಾಡಿದ ಕೆಲಸ ಮಾತ್ರ ಬರೆದು ಹೊಸದು ಶುರು ಮಾಡಿ. ಅನುಭವ ಸಾಲದಿದ್ದರೆ, ಸಾಲುವುದೇ ಇಲ್ಲ ಬಿಡಿ, ಡಿಜಿಸಿಎ ಮಾನ್ಯತೆ ಇರುವ ನಿರ್ವಹಣಾ ಸಂಸ್ಥೆಯಲ್ಲಿ ಟ್ರೈನಿಯಾಗಿ ಸೇರಲು ಅರ್ಜಿ ಹಾಕಿ. ರಾತ್ರಿ ಪಾಳಿ ಜಾಸ್ತಿ, ಸಂಬಳ ಕಡಿಮೆ. ಲೈಸೆನ್ಸ್ ತಡವಾಗುತ್ತದೆ. ಎಷ್ಟು ತಡ ಅನ್ನುವುದನ್ನು ಅಮ್ಮನಿಗೆ ಈಗಲೇ ಹೇಳಿ, ಬಳೆ ಬಿಡಿಸುವ ದಿನವನ್ನು ಅವರು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಲಿ.