ರಾಣಿ ಪತ್ರ ಬರೆಯುವಾಗ ಕ್ಯಾಮೆರಾ ಎಲ್ಲಿತ್ತು?

ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಮೊದಲ ಸಲ ಓದುವಾಗ ನಗು ಬಂತು. ಎರಡನೇ ಸಲ ಬರಲಿಲ್ಲ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು, ಹಾಗಾಗಿ ನೀವು ಏನು ಬರೆದಿರಿ ಅಂತ ಉಳಿದ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ.

ಟಿವಿಯ ಸಾಕ್ಷ್ಯಚಿತ್ರ ಸರಣಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ನೀವು ಮನೆಮಂದಿಯ ಜೊತೆ ಕೂತು ಒಂದು ಇತಿಹಾಸದ ಸರಣಿ ಹಾಕಿದಿರಿ. ದೀಪದ ಬೆಳಕಲ್ಲಿ ರಾಣಿಯೊಬ್ಬಳು ಪತ್ರ ಬರೆಯುತ್ತಿದ್ದಳು. ಹಾಳೆ ಮೇಲೆ ಒಂದು ಕಣ್ಣೀರ ಹನಿ ಬಿತ್ತು. ಆಗ ನಿಮ್ಮ ಒಂಬತ್ತು ವರ್ಷದ ಮಗಳು ಕೇಳಿದಳು: "ಅಪ್ಪಾ, ಆಗ ಕ್ಯಾಮೆರಾ ಎಲ್ಲಿತ್ತು?" ಅವತ್ತಿಂದ ನಿಮಗೆ ಎಲ್ಲಿ ನೋಡಿದರೂ ಮೋಸವೇ ಕಾಣುತ್ತಿದೆ. ಪ್ರವಾಸದ ಸರಣಿಯಲ್ಲಿ ನಿರೂಪಕ ಗುರುತೇ ಇಲ್ಲದವರ ಮನೆ ಬಾಗಿಲು ತಟ್ಟುತ್ತಾನೆ, ಆದರೆ ಕ್ಯಾಮೆರಾ ಆಗಲೇ ಒಳಗಿರುತ್ತದೆ. ಮನೆ ಕಟ್ಟುವ ಸರಣಿಯಲ್ಲಿ ಪ್ರತಿ ಸಲ ದುಡ್ಡು ಮುಗಿಯುತ್ತದೆ, ಮಳೆ ಹಿಡಿಯುತ್ತದೆ, ಕೊನೆಗೆ ಎಲ್ಲ ಸರಿಹೋಗುತ್ತದೆ. "ಹಳೆಯ ಕಾಲದಲ್ಲಿ ತಿಳಿದವರೊಬ್ಬರು ನಿಂತು ಮಾತಾಡುತ್ತಿದ್ದರು. ಅದು ಪ್ರಾಮಾಣಿಕ. ಈಗಿನದು ನಾಟಕ. ಇದನ್ನೆಲ್ಲ ನೋಡಿ ಅಂತ ನೀವು ಯಾಕೆ ಬರೆಯುತ್ತೀರಿ?" ಇದು ನಿಮ್ಮ ತಕರಾರು.

ನಿಮ್ಮ ತಕರಾರಿಗಿಂತ ಮಗಳ ಪ್ರಶ್ನೆ ಗಟ್ಟಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ರಾಣಿ ವೇಷದ ನಟಿ ಯಾರಿಗೂ ಮೋಸ ಮಾಡಲಿಲ್ಲ. ಒಂಬತ್ತು ವರ್ಷದ ಹುಡುಗಿಗೇ ಗೊತ್ತಾಯಿತಲ್ಲ! ನನಗೂ ಇಂಥ ದೃಶ್ಯಗಳು ರುಚಿಸುವುದಿಲ್ಲ, ಅದು ಬೇರೆ ಮಾತು. ಅದೇ ಮೇಣದಬತ್ತಿ, ಅದೇ ಗರಿಯ ಲೇಖನಿ, ಮಂಜಿನಲ್ಲಿ ಓಡುವ ಅದೇ ಕುದುರೆ. ಎಲ್ಲ ಸರಣಿಯವರೂ ಒಂದೇ ಕುದುರೆಯನ್ನು ಬಾಡಿಗೆಗೆ ತರುತ್ತಾರೇನೋ ಅನ್ನಿಸುತ್ತದೆ. ಆದರೆ ಬೇಸರ ಬೇರೆ, ಮೋಸ ಬೇರೆ. ಮೋಸ ಆಗುವುದು ವೇಷ ಹಾಕುವ ಕಡೆ ಅಲ್ಲ, ಒಂದು ಶಾಟನ್ನು ಇನ್ನೊಂದಕ್ಕೆ ಅಂಟಿಸುವ ಕಡೆ.

2007ರಲ್ಲಿ ಬಿಬಿಸಿ ಇದೇ ವಿಷಯಕ್ಕೆ ತಲೆ ತಗ್ಗಿಸಬೇಕಾಯಿತು. ಬ್ರಿಟನ್ನಿನ ರಾಣಿಯ ಬಗ್ಗೆ (ಇದು ನಿಜವಾದ ರಾಣಿ) ಒಂದು ಸರಣಿ ತಯಾರಾಗಿತ್ತು. ಅದರ ಪ್ರಚಾರದ ತುಣುಕನ್ನು ಪತ್ರಕರ್ತರಿಗೆ ತೋರಿಸಿದರು. ಕಿರೀಟ ತೆಗೆದರೆ ಹೇಗೆ ಅಂತ ಫೋಟೊ ತೆಗೆಯಲು ಬಂದ ಆನಿ ಲೀಬೊವಿಟ್ಜ್ ಕೇಳುತ್ತಾರೆ. ಮುಂದಿನ ಶಾಟ್‌ನಲ್ಲಿ ರಾಣಿ ಸಿಡುಕುತ್ತಾ ನಡೆದುಹೋಗುತ್ತಿದ್ದಾರೆ. ರಾಣಿಗೆ ಸಿಟ್ಟು ಬಂದು ಎದ್ದು ಹೋದರು ಅಂತ ನೋಡಿದವರು ತಿಳಿದರು. ಸುದ್ದಿಯೂ ಆಯಿತು. ಆದರೆ ಆ ಎರಡನೇ ಶಾಟ್ ಫೋಟೊ ತೆಗೆಯುವುದಕ್ಕೆ ಮುಂಚಿನದು. ರಾಣಿ ಎದ್ದು ಹೋಗುತ್ತಿರಲಿಲ್ಲ, ಆಗಷ್ಟೇ ಬರುತ್ತಿದ್ದರು. ಬಿಬಿಸಿ ಕ್ಷಮೆ ಕೇಳಿತು. ಚಾನೆಲ್‌ನ ಮುಖ್ಯಸ್ಥರು ಆ ವರ್ಷವೇ ರಾಜೀನಾಮೆ ಕೊಟ್ಟರು. ಇಲ್ಲಿ ನಟಿ ಇಲ್ಲ, ವೇಷ ಇಲ್ಲ. ಎರಡು ಶಾಟೂ ಅಪ್ಪಟ ನಿಜ. ಹಿಂದಿನದನ್ನು ಮುಂದೆ ಮಾಡಿದ್ದಷ್ಟೇ ಸುಳ್ಳು.

ದೊಡ್ಡವರ ಮಾತು ಸಾಕು, ನನ್ನದೇ ಒಂದು ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಗೆಳೆಯನೊಬ್ಬ ಹಳೆಯ ಮನೆಗಳ ಬಗ್ಗೆ ಒಂದು ಸರಣಿ ಮಾಡುತ್ತಿದ್ದ. ಎರಡು ದಿನ ಅವನ ಎಡಿಟಿಂಗ್ ಕೋಣೆಯಲ್ಲಿ ಸುಮ್ನೆ ಕೂತಿದ್ದೆ. ತೆರೆ ಮೇಲೆ ಒಬ್ಬ ವಯಸ್ಸಾದ ಮನೆ ಯಜಮಾನರು. "ಈ ಮನೆ ಮಾರಿದ್ದಕ್ಕೆ ಬೇಜಾರಿದೆಯಾ?" ಅಂತ ಪ್ರಶ್ನೆ. ಅವರು ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಮೇಲೆ ನೋಡಿದರು. ನನ್ನ ಗಂಟಲು ಕಟ್ಟಿತು. ಆಗ ಗೆಳೆಯ ನಕ್ಕು, ಧ್ವನಿಯ ಗುಂಡಿ ತಿರುಗಿಸಿ ಮತ್ತೆ ಹಾಕಿದ. ಮೇಲೆ ವಿಮಾನ ಹೋಗುತ್ತಿತ್ತು. ಶಬ್ದ ಮುಗಿಯಲಿ ಅಂತ ಸೌಂಡ್ ರೆಕಾರ್ಡಿಸ್ಟ್ ಕೈ ಎತ್ತಿದ್ದ, ಯಜಮಾನರು ಪಾಪ ಕಾಯುತ್ತಿದ್ದರು! ಆಮೇಲೆ ಅವರು ಹೇಳಿದ್ದು, "ಇಲ್ಲಪ್ಪ, ಮೆಟ್ಟಿಲು ಜಾಸ್ತಿ ಇದ್ದವು, ಮಂಡಿ ನೋವು."

ಗೆಳೆಯ ಏನು ಮಾಡಿದ ಗೊತ್ತಾ? ವಿಮಾನದ ಸದ್ದು ಕತ್ತರಿಸಿದ. ಆ ಜಾಗಕ್ಕೆ ಅದೇ ಕೋಣೆಯ ಮೌನ ತುಂಬಿದ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿ ಅರ್ಧ ನಿಮಿಷ ನಿಲ್ಲಬೇಕು, ಆ ಕೋಣೆಯ ಖಾಲಿ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಒಂದೊಂದು ಕೋಣೆಯ ಮೌನವೂ ಬೇರೆ ಬೇರೆ, ಅದಕ್ಕೇ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗೆ ತೇಪೆ ಹಾಕಿದ ಮೌನದ ಮೇಲೆ ಖಾಲಿ ಮೆಟ್ಟಿಲಿನ ಒಂದು ಶಾಟ್ ಇಟ್ಟ. ಮಂಡಿ ನೋವು ಮಾಯ. ತುಂಬಾ ಚೆನ್ನಾಗಿ ಬಂತು. ಇದು ಸರಿಯಲ್ಲ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅದು ಅಷ್ಟು ಚೆನ್ನಾಗಿತ್ತು.

ನೀವು ನಟಿಯ ಕಣ್ಣೀರು ಹಿಡಿದಿರಿ. ಇಂಥದ್ದನ್ನು ಹಿಡಿಯುತ್ತಿರಲಿಲ್ಲ. ನಾನಂತೂ ಹಿಡಿಯುತ್ತಿರಲಿಲ್ಲ.

ಹಳೆಯ ಫಿಲ್ಮ್ ತುಣುಕಾದರೆ ನಂಬಬಹುದು ಅಲ್ವಾ ಅಂತ ಪತ್ರದ ಮೂರನೇ ಪುಟದಲ್ಲಿ ಕೇಳಿದ್ದೀರಿ. ಮೊದಲ ಮಹಾಯುದ್ಧದ ಯಾವುದೇ ಸರಣಿಯಲ್ಲಿ ನೀವು ಒಂದು ಶಾಟ್ ನೋಡಿರುತ್ತೀರಿ. ಸೈನಿಕರು ಕಂದಕದಿಂದ ಮೇಲೆ ಹತ್ತುತ್ತಾರೆ, ಒಬ್ಬ ಹತ್ತುವಾಗಲೇ ಕುಸಿದು ಕೆಳಗೆ ಜಾರುತ್ತಾನೆ. ಇದು 1916ರ ಸೋಮ್ ಯುದ್ಧದ ಚಿತ್ರದ್ದು. ಬ್ರಿಟನ್ನಿನಲ್ಲಿ ಆ ಚಿತ್ರವನ್ನು ಕೋಟಿಗಟ್ಟಲೆ ಜನ ನೋಡಿದರು. ಅದರಲ್ಲಿ ಬಹಳಷ್ಟು ದೃಶ್ಯಗಳು ನಿಜ. ಆದರೆ ಈ ಶಾಟ್ ಮಾತ್ರ ರಣರಂಗದ ಹಿಂದೆ ತರಬೇತಿ ಜಾಗದಲ್ಲಿ ಮಾಡಿಸಿದ್ದು. ಇವತ್ತಿಗೂ ಎಷ್ಟೋ ಸರಣಿಗಳು ಅದನ್ನು ಯಾವ ಸೂಚನೆಯೂ ಇಲ್ಲದೆ ತೋರಿಸುತ್ತವೆ.

ಫೋಟೊಗಳೂ ಅಷ್ಟೇ. ಅಮೆರಿಕದ ಅಂತರ್ಯುದ್ಧದ ಒಂದು ಪ್ರಸಿದ್ಧ ಫೋಟೊ ಇದೆ. 1863ರ ಜುಲೈ, ಗೆಟ್ಟಿಸ್‌ಬರ್ಗ್. ಬಂಡೆಗಳ ನಡುವೆ ಒಬ್ಬ ಸತ್ತ ಸೈನಿಕ, ಪಕ್ಕದಲ್ಲಿ ಗೋಡೆಗೆ ಒರಗಿಸಿದ ಬಂದೂಕು. ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದದ್ದು. ಸುಮಾರು ನೂರು ವರ್ಷ ಜನ ಅದನ್ನು ಇದ್ದಂತೆಯೇ ನಂಬಿದರು. 1970ರ ದಶಕದಲ್ಲಿ ವಿಲಿಯಂ ಫ್ರಾಸನಿಟೊ ಎಂಬ ಇತಿಹಾಸಕಾರ ಅದೇ ಹೆಣದ ಬೇರೆ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಹೆಣವನ್ನು ಸುಮಾರು 40 ಗಜ ಹೊತ್ತು ತಂದು ಅಲ್ಲಿ ಮಲಗಿಸಿದ್ದರು. ಬಂದೂಕೂ ತಂದಿಟ್ಟದ್ದೇ. ಸಾವು ನಿಜ, ಜಾಗ ಸುಳ್ಳು.

ಅದೇ ಯುದ್ಧದ ಬಗ್ಗೆ ಕೆನ್ ಬರ್ನ್ಸ್ 1990ರಲ್ಲಿ 'ದಿ ಸಿವಿಲ್ ವಾರ್' ಎಂಬ 9 ಕಂತಿನ ಸರಣಿ ಮಾಡಿದರು. ವೇಷ ಹಾಕಿದ ಒಬ್ಬ ನಟನೂ ತೆರೆ ಮೇಲೆ ಬರುವುದಿಲ್ಲ. 1861ರಿಂದ 65ರವರೆಗೆ ಸಿನಿಮಾ ಕ್ಯಾಮೆರಾ ಇರಲಿಲ್ಲ, ಇದ್ದದ್ದು ಸ್ಥಿರ ಫೋಟೊಗಳು ಮಾತ್ರ. ಅವರು ಆ ಫೋಟೊಗಳ ಮೇಲೇ ಕ್ಯಾಮೆರಾವನ್ನು ನಿಧಾನಕ್ಕೆ ಸರಿಸಿದರು. ಮೊದಲು ಕೈ, ಆಮೇಲೆ ಮುಖ, ಆಮೇಲೆ ಪಕ್ಕದಲ್ಲಿ ನಿಂತವನು. ಹಿಂದೆ ಹುಳುಗಳ ಸದ್ದು, ದೂರದಲ್ಲಿ ಫಿರಂಗಿ. (ನಿಮ್ಮ ಕಂಪ್ಯೂಟರಿನಲ್ಲಿ ಫೋಟೊಗಳು ತಾವೇ ಮೆಲ್ಲಗೆ ಜಾರುತ್ತವಲ್ಲ, ಅದಕ್ಕೆ ಅವರ ಹೆಸರೇ ಬಂದಿದೆ.) ಮೊದಲ ಕಂತಿನ ಕೊನೆಗೆ ಸಲಿವನ್ ಬಲ್ಲೂ ಎಂಬ ಸೇನಾಧಿಕಾರಿ ಹೆಂಡತಿಗೆ ಬರೆದ ಪತ್ರ ಓದುತ್ತಾರೆ. ಬರೆದ ಒಂದು ವಾರಕ್ಕೆ ಯುದ್ಧದಲ್ಲಿ ಪೆಟ್ಟು ತಿಂದ, ಉಳಿಯಲಿಲ್ಲ. ಜೊತೆಗೆ ಒಂದು ಪಿಟೀಲು.

ಆ ಪಿಟೀಲಿನ ವಿಷಯದಲ್ಲಿ ನಾನು ನಿಮಗೊಂದು ತಪ್ಪೊಪ್ಪಿಗೆ ಕೊಡಬೇಕು. ಕಳೆದ ಸಂಚಿಕೆಯ ಲೇಖನದಲ್ಲಿ "ಆ ಕಾಲದ ಸೈನಿಕರು ನುಡಿಸುತ್ತಿದ್ದ ರಾಗ" ಅಂತ ಇತ್ತು. ಬರೆದವನು ನಾನೇ. ಅದು ಆ ಕಾಲದ್ದಲ್ಲ. ಜೇ ಉಂಗರ್ ಎಂಬ ಪಿಟೀಲು ವಾದಕ 1982ರಲ್ಲಿ ಕಟ್ಟಿದ ರಾಗ. ಪತ್ರವನ್ನೂ ಸರಣಿಗಾಗಿ ಮೊಟಕು ಮಾಡಿದ್ದಾರೆ. ಅದರ ಮೂಲ ಪ್ರತಿ ಸಿಕ್ಕಿಲ್ಲ, ಉಳಿದಿರುವುದು ನಕಲುಗಳು. ಇಷ್ಟೆಲ್ಲ ತಿಳಿದ ಮೇಲೂ ಆ ಕಂತು ನೋಡುವಾಗ ನನಗೆ ಎದ್ದು ಹೋಗಲು ಆಗುವುದಿಲ್ಲ. ಬರ್ನ್ಸ್ ನನಗೆ ಸುಳ್ಳು ಹೇಳಿದರಾ? ಇಲ್ಲ. ರಾಗ ಹಳೆಯದು ಅಂತ ಅವರೆಲ್ಲೂ ಹೇಳಿಲ್ಲ. ಫೋಟೊ ಪಕ್ಕ ರಾಗ ಇಟ್ಟರು, ಉಳಿದ ಕೆಲಸ ನನ್ನ ತಲೆ ಮಾಡಿತು. ಅಂಟು ಅವರದು, ಅಂಟಿಕೊಂಡವನು ನಾನು.

ಈಗ ನಿಮ್ಮ ಹಳೆಯ ಕಾಲದ ಪ್ರಾಮಾಣಿಕರ ವಿಷಯ. ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ 1969ರಲ್ಲಿ 'ಸಿವಿಲೈಸೇಶನ್' ಮಾಡಿದರು, 13 ಕಂತು. ನೀವು ಹೇಳಿದ ಹಾಗೇ, ಸೂಟು ಹಾಕಿಕೊಂಡು ಚರ್ಚು, ಚಿತ್ರ, ಅರಮನೆಗಳ ಮುಂದೆ ನಿಂತು ಮಾತಾಡಿದರು. ಆಗ ಬಿಬಿಸಿ 2ಕ್ಕೆ ಹೊಸದಾಗಿ ಬಣ್ಣ ಬಂದಿತ್ತು. ಆ ಬಣ್ಣವನ್ನು ಜನಕ್ಕೆ ತೋರಿಸಬೇಕು ಅಂತ ಚಾನೆಲ್‌ನ ಹೊಣೆ ಹೊತ್ತಿದ್ದ ಡೇವಿಡ್ ಅಟೆನ್‌ಬರೊ ಈ ಸರಣಿ ಮಾಡಿಸಿದರು. ನಾಟಕ ಇಲ್ಲ, ನಿಜ. ಆದರೆ ನಾಗರಿಕತೆ ಅಂತ ಹೆಸರಿಟ್ಟು ಹೆಚ್ಚಾಗಿ ಯುರೋಪಿನ ಪಶ್ಚಿಮದ ಕಡೆಯೇ ಸುತ್ತಿದರು. ಸ್ಪೇನ್ ಕೂಡ ಹೆಚ್ಚುಕಡಿಮೆ ಕೈಬಿಟ್ಟುಹೋಯಿತು. ಹೆಂಗಸು ಕಲಾವಿದರು ಹುಡುಕಿದರೂ ಸಿಗುವುದಿಲ್ಲ. ಬಿಟ್ಟದ್ದು ತೆರೆ ಮೇಲೆ ಕಾಣುವುದಿಲ್ಲವಲ್ಲ, ಅದಕ್ಕೇ ಅದು ಪ್ರಾಮಾಣಿಕವಾಗಿ ಕಾಣುತ್ತದೆ. ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಇದು ನನ್ನ ವೈಯಕ್ತಿಕ ನೋಟ ಅಂತ ಹೆಸರಿನ ಕೆಳಗೇ ಹಾಕಿಕೊಂಡಿದ್ದರು. 2018ರಲ್ಲಿ ಅದೇ ಬಿಬಿಸಿ ಮೂವರು ನಿರೂಪಕರನ್ನು ಇಟ್ಟು, ಹೆಸರನ್ನು ಬಹುವಚನ ಮಾಡಿ ಇನ್ನೊಂದು ಸರಣಿ ತಂದಿತು. ಅದು ಆರು ಖಂಡಗಳನ್ನು ಸುತ್ತಿತು. ನನಗೆ ಮಾತ್ರ ನೆನಪಿರುವುದು ಕ್ಲಾರ್ಕ್ ಅವರದೇ. ತಪ್ಪಿದ್ದರೂ ಅದು ಒಬ್ಬ ಮನುಷ್ಯನ ತಪ್ಪು, ಎದುರು ಕೂತು ಜಗಳ ಆಡಬಹುದು.

ಕಲಾ ವಿಮರ್ಶಕ ಜಾನ್ ಬರ್ಜರ್ ಹಾಗೆ ಜಗಳ ಆಡಿದರು. 1972ರ 'ವೇಸ್ ಆಫ್ ಸೀಯಿಂಗ್' ಬರೀ ನಾಲ್ಕು ಕಂತು, ಒಂದೊಂದು ಅರ್ಧ ಗಂಟೆ. ಶುರುವಿಗೇ ಚಾಕು ಹಿಡಿದು ಬೊಟಿಚೆಲ್ಲಿಯ ಚಿತ್ರದ ಪ್ರತಿಯಿಂದ ಒಂದು ಮುಖವನ್ನು ಕತ್ತರಿಸಿ ತೆಗೆಯುತ್ತಾರೆ. ಟಿವಿ ಮಾಡುವುದೇ ಇದು ಅಂತ ತೋರಿಸಲಿಕ್ಕೆ. ಆಮೇಲೆ ವ್ಯಾನ್ ಗೋನ ಗೋಧಿ ಹೊಲ, ಮೇಲೆ ಕಾಗೆಗಳು. ಸುಮ್ನೆ ನೋಡಿ ಅನ್ನುತ್ತಾರೆ. ಇದು ಅವನು ಸಾಯುವ ಮುಂಚಿನ ಕೊನೆಯ ಚಿತ್ರ ಅಂತ ಹೇಳಿ ಮತ್ತೆ ತೋರಿಸುತ್ತಾರೆ. ಚಿತ್ರವೇ ಬದಲಾಗಿಬಿಡುತ್ತದೆ! ನನ್ನನ್ನೂ ಅನುಮಾನದಿಂದ ನೋಡಿ ಅಂತ ಕಂತಿನ ಕೊನೆಗೆ ಎಚ್ಚರಿಸಿಯೂ ಎಚ್ಚರಿಸುತ್ತಾರೆ. ತಮಾಷೆ ಏನೆಂದರೆ ಅದು ವ್ಯಾನ್ ಗೋನ ಕೊನೆಯ ಚಿತ್ರ ಅಲ್ಲ. ಮರದ ಬೇರುಗಳ ಚಿತ್ರವೇ ಕೊನೆಯದು ಅಂತ ಈಗಿನ ತಿಳಿದವರು ಹೇಳುತ್ತಾರೆ.

ಮನೆಗಳ ಸರಣಿಗೆ ಬರೋಣ. ಎಲ್ಲ ಸರಿಹೋಗುತ್ತದೆ ಅಂದಿರಿ. ಬಹಳ ಸಲ ಹೌದು. ಆದರೆ 1999ರಿಂದ ಬರುತ್ತಿರುವ 'ಗ್ರ್ಯಾಂಡ್ ಡಿಸೈನ್ಸ್'ನ 2019ರ ಒಂದು ಕಂತು ನೋಡಿ. ಕಡಲ ಬಂಡೆಯ ಮೇಲೆ ಲೈಟ್‌ಹೌಸ್ ಆಕಾರದ ಮನೆ. ವರ್ಷಗಳು ಉರುಳಿದವು, ಸಾಲ ಕತ್ತಿನ ಮಟ್ಟ ಬಂತು, ಮನೆ ಅರ್ಧಕ್ಕೇ ನಿಂತಿತ್ತು. ಹಾಗೇ ತೋರಿಸಿದರು. ಮನೆ ಸರಣಿಗಳಲ್ಲಿ ನನಗಿರುವ ಅನುಮಾನ ಮಳೆಯದ್ದಲ್ಲ, ಲೆನ್ಸ್‌ನದ್ದು. ಹಾಲ್ ತುಂಬಾ ದೊಡ್ಡದು ಅನ್ನಿಸಿದರೆ ಚೌಕಟ್ಟಿನ ಅಂಚು ನೋಡಿ. ಸೋಫಾದ ತುದಿ ಎಳೆದ ಹಾಗಿದ್ದರೆ, ಅಂಚಿನಲ್ಲಿ ಕೂತವರ ಭುಜ ಅಗಲ ಆಗಿದ್ದರೆ, ವೈಡ್ ಲೆನ್ಸ್ ಹಾಕಿದ್ದಾರೆ ಅಂತ ಲೆಕ್ಕ. ಹಾಲ್ ಅಷ್ಟು ದೊಡ್ಡದಿರಲಿಕ್ಕಿಲ್ಲ.

ಕೊನೆಗೆ ನಿಮ್ಮ ಬಾಗಿಲು. ಹೌದು, ಕ್ಯಾಮೆರಾದವರು ಮೊದಲೇ ಒಳಗೆ ಹೋಗಿ, ಪರಿಚಯ ಮಾಡಿಕೊಂಡು, ಬೆಳಕು ಹೊಂದಿಸಿರುತ್ತಾರೆ. ನಿರೂಪಕ ಎರಡನೇ ಸಲವೋ ಮೂರನೇ ಸಲವೋ ಬಾಗಿಲು ತಟ್ಟುತ್ತಿರುತ್ತಾನೆ. ಇದು ನನಗೂ ಕಿರಿಕಿರಿಯೇ. ಮೈಕೆಲ್ ಪೇಲಿನ್ ಇದಕ್ಕೊಂದು ಚಂದದ ದಾರಿ ಕಂಡುಕೊಂಡಿದ್ದರು. 80 ದಿನದಲ್ಲಿ ಭೂಮಿ ಸುತ್ತುವ ಅವರ ಸರಣಿ 1989ರಲ್ಲಿ ಬಂತು. ತಮ್ಮ ಕ್ಯಾಮೆರಾ ತಂಡಕ್ಕೆ, ಜೂಲ್ಸ್ ವರ್ನ್ ಕಾದಂಬರಿಯ ಸೇವಕನ ಹೆಸರು, ಪಾಸ್‌ಪಾರ್ತೂ ಅಂತ ಇಟ್ಟರು. ಒಬ್ಬನೇ ಹೊರಟ ಸಾಹಸಿಯ ಸೋಗು ಹಾಕಲಿಲ್ಲ. ಪಾಸ್‌ಪಾರ್ತೂಗೆ ಹಸಿವು, ಪಾಸ್‌ಪಾರ್ತೂಗೆ ಸುಸ್ತು ಅಂತ ಹೇಳುತ್ತಾ ಹೋಗಬಹುದಿತ್ತಲ್ಲ! ಅವರೂ ಕಥೆಯ ಪಾತ್ರವಾದರು. ದುಬೈನಿಂದ ಮುಂಬೈಗೆ ಮರದ ದೋಣಿಯಲ್ಲಿ ಸುಮಾರು ಒಂದು ವಾರ ಬರುವ ಭಾಗ ಇದೆ. ಆಗುವುದು ಏನೂ ಇಲ್ಲ. ಗಾಳಿ, ಬಿಸಿಲು, ದೋಣಿಯವರ ಜೊತೆ ಅರ್ಧಂಬರ್ಧ ಮಾತು. ಇಡೀ ಸರಣಿಯಲ್ಲಿ ನನಗೆ ಇಷ್ಟವಾದದ್ದು ಅದೇ.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನೀವೊಬ್ಬರೇ ಇರುವಾಗ 1973ರ 'ದಿ ವರ್ಲ್ಡ್ ಅಟ್ ವಾರ್'ನ ಮೊದಲ ಕಂತು ಹಾಕಿ. ಶುರುವಿಗೇ ಫ್ರಾನ್ಸಿನ ಒರಾದೂರ್ ಎಂಬ ಹಳ್ಳಿ. 1944ರ ಜೂನ್ 10ರಂದು ಜರ್ಮನ್ ಸೈನಿಕರು ಬಂದು ಆರುನೂರಕ್ಕೂ ಹೆಚ್ಚು ಜನರನ್ನು ಕೊಂದ ಜಾಗ. ಸೈನಿಕನ ವೇಷದವರು ಯಾರೂ ಬರುವುದಿಲ್ಲ. ಖಾಲಿ ಬೀದಿ, ಸೂರಿಲ್ಲದ ಗೋಡೆಗಳು, ಲಾರೆನ್ಸ್ ಒಲಿವಿಯರ್ ಧ್ವನಿ. ಅಷ್ಟೇ.

ಅದನ್ನು ಮಗಳಿಗೆ ಈಗಲೇ ತೋರಿಸಬೇಡಿ. ಅವಳ ಜೊತೆ ದೋಣಿಯ ಕಂತು ನೋಡಿ. ಕ್ಯಾಮೆರಾ ಎಲ್ಲಿತ್ತು ಅಂತ ಅವಳು ಕೇಳಿದರೆ ಈ ಸಲ ಉತ್ತರ ಸುಲಭ. ದೋಣಿಯಲ್ಲೇ, ಪಾಸ್‌ಪಾರ್ತೂ ಕೈಯಲ್ಲಿ.

ಸಂಪಾದಕ