ಮುರಕಲ್ಲು, ಸುರಂಗ ಮತ್ತು ನಮ್ಮ ನಾಲ್ಕನೇ ಕ್ಲಾಸು

ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕೇರಳದ ಪಾಠವನ್ನು ಕನ್ನಡದಲ್ಲಿ ಓದುತ್ತಾರಲ್ಲ, ವಿಜ್ಞಾನ, ಸಮಾಜ ಎಲ್ಲ ಬರೀ ಬಾಯಿಪಾಠವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಇಲ್ಲಿಯ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಟೀಚರ್. ನಮ್ಮಲ್ಲಿ ನಾಲ್ಕನೇ ಕ್ಲಾಸಿನ ತನಕ ವಿಜ್ಞಾನ ಬೇರೆ, ಸಮಾಜ ಬೇರೆ ಅಂತ ಇಲ್ಲ. ಎರಡೂ ಸೇರಿ ಪರಿಸರ ಅಧ್ಯಯನ. ಐದಕ್ಕೆ ಹೋದ ಮೇಲೆ ಪುಸ್ತಕ ಎರಡಾಗುತ್ತದೆ. ಚಟುವಟಿಕೆಯಿಂದ ಕಲಿಸುವ ಕ್ರಮ ಕೇರಳಕ್ಕೆ 1990ರ ದಶಕದ ಕೊನೆಗೇ ಬಂದಿದೆ. ಕನ್ನಡ ಶಾಲೆಗೂ ಅದೇ ಕ್ರಮ.

ಒಂದು ಪಾಠ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಶಾಲೆಯ ಹಿಂದಿನಿಂದ ಒಂದು ತುಂಡು ಒಣ ಮುರಕಲ್ಲು, ಅಂದರೆ ಇಲ್ಲಿ ಮನೆ ಕಟ್ಟುವ ಕೆಂಪು ಕಲ್ಲು, ತರುತ್ತೇವೆ. ಪಕ್ಕದಲ್ಲಿ ಒಂದು ಕರಿಕಲ್ಲು. ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಎರಡನ್ನೂ ತೂಗಿ ಬರೆದಿಡುತ್ತೇವೆ. ಆಮೇಲೆ ಬಕೆಟಿನ ನೀರಿಗೆ ಬಿಡುವುದು. ಕರಿಕಲ್ಲು ಸುಮ್ನೆ ತಳದಲ್ಲಿ ಕೂರುತ್ತದೆ. ಮುರಕಲ್ಲಿನಿಂದ ಗುಳುಗುಳು ಗುಳ್ಳೆ ಏಳುತ್ತದೆ. "ಟೀಚರೇ, ಕಲ್ಲು ಉಸಿರು ಬಿಡ್ತಾ ಉಂಟು!" ಅಂತ ಒಂದು ಹುಡುಗಿ ಕೂಗಿದಳು. ಹಾಗಾದರೆ ಒಳಗೆ ಏನಿತ್ತು? ಈಗ ಅಲ್ಲಿಗೆ ಏನು ಹೋಯಿತು? ಮತ್ತೆ ತೂಗಿದಾಗ ಉತ್ತರ ಮಕ್ಕಳ ಬಾಯಿಂದಲೇ ಬರುತ್ತದೆ. ಇದೇ ಕಲ್ಲನ್ನು ಮಲಪ್ಪುರಂ ಕಡೆಯ ಅಂಗಡಿಪುರಂನಲ್ಲಿ ನೋಡಿ ಬುಕಾನನ್ ಅನ್ನುವ ಬ್ರಿಟಿಷ್ ಸರ್ವೇಕ್ಷಕರು 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟರು. ಮಕ್ಕಳಿಗೆ ಅದನ್ನೂ ಹೇಳುತ್ತೇನೆ. ತಮ್ಮ ಮನೆಯ ಗೋಡೆಯ ಕಲ್ಲು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಉಂಟು ಅಂತ ಅವರಿಗೆ ಗೊತ್ತಾಗಬೇಕು, ಅಲ್ವಾ?

ಮಳೆಗಾಲದಲ್ಲಿ ಗುಡ್ಡ ಹೀಗೆ ಕುಡಿದ ನೀರು ಎಲ್ಲಿಗೆ ಹೋಗುತ್ತದೆ? ಅದನ್ನು ನೋಡಲು ಸುರಂಗಕ್ಕೇ ಹೋಗಬೇಕು. ನೀವು ಹೊರಗಿನವರು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸುರಂಗ ಅಂದರೆ ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆದ ಬಾವಿ. ಒಬ್ಬ ಮನುಷ್ಯ ನಡೆಯುವಷ್ಟು ಎತ್ತರ, ಭುಜ ಹಿಡಿಸುವಷ್ಟು ಅಗಲ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಜಾಸ್ತಿ. ಪಂಪು ಬೇಡ, ಕರೆಂಟು ಬೇಡ. ಜಿನುಗಿದ ನೀರು ಇಳಿಜಾರಿನಲ್ಲಿ ತಾನಾಗಿ ಹೊರಗೆ ಬಂದು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ (ತೆರೆದ ಕೊಳವೆಯಲ್ಲಿ) ಹರಿದು ಕೆರೆಗೆ ಬೀಳುತ್ತದೆ. ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಹೊರಗೆ ದಂಬೆಯ ಕೆಳಗೆ ಕೊಡಪಾನ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಅಂತ ಎಣಿಸುತ್ತಾರೆ. ನವೆಂಬರಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ. ಎರಡು ಲೆಕ್ಕವನ್ನು ಪಕ್ಕಪಕ್ಕ ಬರೆದರೆ ಬೇಸಗೆಯಲ್ಲಿ ಮನೆಯಲ್ಲಿ ನೀರಿಗೆ ಯಾಕೆ ಗದರುತ್ತಾರೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಸುರಂಗ ತೋಡಿದ ಅಜ್ಜಂದಿರು ಊರಿನಲ್ಲಿ ಇದ್ದರೆ ಅವರನ್ನು ಕ್ಲಾಸಿಗೆ ಕರೆಯುತ್ತೇವೆ. ತೋಡುವಾಗ ಒಳಗಿಟ್ಟ ದೀಪ ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು ಅಂತ ಅವರು ಹೇಳುತ್ತಾರೆ. ಅದಾದ ಮೇಲೆ ಮೇಣದ ಬತ್ತಿಯ ಮೇಲೆ ಗ್ಲಾಸು ಕವುಚಿ ತೋರಿಸಿದರೆ ಮಕ್ಕಳ ಕಣ್ಣೇ ಬೇರೆ. ಅವರಿಗೆ ಅದು ಒಬ್ಬ ಮನುಷ್ಯನ ಜೀವದ ವಿಷಯ.

ಇತಿಹಾಸಕ್ಕೂ ಮುರಕಲ್ಲೇ ಸಾಕು. ನಮ್ಮ ಜಿಲ್ಲೆಯ ಬೇಕಲ ಕೋಟೆ ಇದೇ ಕಲ್ಲಿನದ್ದು, ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ಜಗಲಿಯ ಉದ್ದಕ್ಕೆ ಹಗ್ಗ ಕಟ್ಟಿ, ಒಂದು ಗೇಣಿಗೆ ಹತ್ತು ವರ್ಷ ಅಂತ ಲೆಕ್ಕ ಹಾಕಿ ವರ್ಷ ಬರೆದ ಚೀಟಿ ನೇತುಹಾಕುತ್ತೇವೆ. ಒಂದು ತುದಿಯಲ್ಲಿ ಕೋಟೆ. ಟಿಪ್ಪು ಸತ್ತು ಈಸ್ಟ್ ಇಂಡಿಯಾ ಕಂಪನಿ ಬಂದ 1799. ನಾವು ಮದ್ರಾಸಿನಿಂದ ಕೇರಳಕ್ಕೆ ಸೇರಿದ 1956ರ ನವೆಂಬರ್ 1. ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾದ 1984ರ ಮೇ 24. ನಡುವೆ ಮಕ್ಕಳು ತಮ್ಮ ಅಜ್ಜ ಅಜ್ಜಿಯರು ಹುಟ್ಟಿದ ವರ್ಷದ ಚೀಟಿ ನೇತುಹಾಕುತ್ತಾರೆ. ಮನೆ ಬದಲಿಸದೆಯೇ ಅಜ್ಜನ ರಾಜ್ಯ ಬದಲಾಯಿತು ಅನ್ನುವುದು ಆ ಹಗ್ಗದಲ್ಲಿ ಕಾಣುತ್ತದೆ. ನಾವು ಯಾಕೆ ಕೇರಳದಲ್ಲಿ ಕನ್ನಡ ಓದುತ್ತೇವೆ ಅನ್ನುವ ಪ್ರಶ್ನೆ ಅವರೇ ಕೇಳುತ್ತಾರೆ.

ಈಗ ಕಷ್ಟದ ಮಾತು. ಇದಕ್ಕೆಲ್ಲ ಬೇಕಾದ್ದು ಬಕೆಟು, ಹಗ್ಗ, ಕೊಡಪಾನ. ದುಡ್ಡಿನ ಸಾಮಾನು ಏನೂ ಇಲ್ಲ. ಆದರೆ ಮಾತು ಬೇಕು. ಏನು ಕಂಡಿತು, ಯಾಕೆ ಹಾಗಾಯಿತು ಅಂತ ಮಗು ಹೇಳಬೇಕು, ಟೀಚರಿಗೆ ಅದು ಅರ್ಥ ಆಗಬೇಕು. ಇಲ್ಲಿಯ ಕೆಲವು ಕನ್ನಡ ಶಾಲೆಗಳಿಗೆ ಕನ್ನಡವೇ ಬಾರದ ಅಧ್ಯಾಪಕರನ್ನು ನೇಮಿಸಿದ್ದುಂಟು. ಹೆತ್ತವರು, ಮಕ್ಕಳು ಪ್ರತಿಭಟನೆಗೂ ಇಳಿದಿದ್ದಾರೆ. ಇದು ಮಲಯಾಳದ ಮೇಲಿನ ಸಿಟ್ಟಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಆಡುತ್ತಾರೆ. ಆದರೆ ಕಲಿಯುವುದು, ಬರೆಯುವುದು ಕನ್ನಡದಲ್ಲಿ. ಮಾತು ತಿಳಿಯದ ಕಡೆ ಪ್ರಯೋಗ ನಿಂತು ಹೋಗುತ್ತದೆ, ಬೋರ್ಡಿನಿಂದ ನಕಲು ಮಾಡುವುದು ಶುರುವಾಗುತ್ತದೆ. ಇದು ನನಗೆ ಬಹಳ ನೋವಿನ ವಿಷಯ.

ಏನಾದರೂ ಕಳಿಸಲಾ ಅಂತ ಕೇಳಿದ್ದೀರಿ. ಪ್ರಯೋಗದ ಕಿಟ್ಟು ಬೇಡ. ಸಣ್ಣ ಮಕ್ಕಳು ತಾವೇ ಓದಿ ಮಾಡಬಹುದಾದ ಕನ್ನಡ ವಿಜ್ಞಾನ ಪುಸ್ತಕ ಇದ್ದರೆ ಕಳಿಸಿ. ಮೇ ಕೊನೆಯೊಳಗೆ ತಲುಪಿದರೆ ಒಳ್ಳೆಯದು, ನಮ್ಮಲ್ಲಿ ಶಾಲೆ ಜೂನ್ ಮೊದಲಿಗೇ ಶುರು.